ನಾನೂರ ಹನ್ನೆರಡು ಸಾಲು

ನಿಹಾಲ್ ಕಳಿಸಿದ್ದಾಳೆ, ನೋಡಿ ಒಪ್ಪಿಗೆ ಕೊಡಿ ಎಂದು.
ಪರದೆಯ ಮೇಲೆ ಕೆಂಪು ಬಳಿದ ನಾನೂರ ಹನ್ನೆರಡು ಸಾಲು,
ಅಳಿಸಬೇಕಾದವು.
ಎಲ್ಲವೂ ನನ್ನವೇ.

ಕಿಟಕಿಯಾಚೆ ಅಜ್ಮಾನಿನ ಜುರ್ಫ್ ಓಣಿ.
ಕೆಳಗೆ ಟೈರಂಗಡಿ, ಮೂರು ಗಂಟೆಯ ಬಿಸಿಲಿಗೆ
ರಬ್ಬರಿನ ವಾಸನೆ ಮೆಟ್ಟಿಲು ಹತ್ತಿ ಬಂದು
ಬಾಗಿಲಲ್ಲೇ ನಿಲ್ಲುತ್ತದೆ, ಬಾಕಿ ಕೇಳಲು ಬಂದವರ ಹಾಗೆ.

ಮೊದಲ ವರ್ಷ ನಮಗೆ ಆಫೀಸೇ ಇರಲಿಲ್ಲ.
ಗುಲ್ ಬಾದ್‌ಶಾನ ನೀರಿನ ಟ್ಯಾಂಕರಿನಲ್ಲಿ ಬಲಗಡೆಯ ಸೀಟು,
ಮಡಿಲಲ್ಲಿ ಲ್ಯಾಪ್‌ಟಾಪ್, ಅದರಡಿ ಒದ್ದೆ ಟವೆಲು.
ಮರಳಿನಲ್ಲಿ ಎದ್ದ ಹೊಸ ಮನೆಗಳಿಗೆ ನಂಬರಿರಲಿಲ್ಲ.
ಜನ ಫೋನಿನಲ್ಲಿ ಹೇಳುತ್ತಿದ್ದರು:
ಹಳೇ ಮಸೀದಿಯ ಹಿಂದೆ, ನೀಲಿ ಗೇಟು,
ನೀಲಿ ಅಂದರೆ ಈಗ ಬಿಳಿ, ಬಣ್ಣ ಹೋಗಿದೆ.
ಅದನ್ನು ಗುಲ್ ಸ್ಟಿಯರಿಂಗಿನಲ್ಲಿ ತಿರುಗಿಸಿದ, ನಾನು ಕೋಡಿನಲ್ಲಿ.
ಹೀಗಾದರೆ, ಹೀಗಲ್ಲದಿದ್ದರೆ, ಅದೂ ಅಲ್ಲದಿದ್ದರೆ...
ಒಂದೊಂದು ಬಾಗಿಲಿಗೆ ಒಂದೊಂದು ಷರತ್ತು.
ಉಮ್ ಸುಲ್ತಾನ್ ಅಸರ್ ಹೊತ್ತಿಗೆ ಫೋನೆತ್ತುವುದಿಲ್ಲ,
ಪೈಪು ಗೋಡೆ ಮೇಲಿಂದ ಇಳಿಸಿ. ನಾಯಿ ಇಲ್ಲ.
ಟರ್ಕಿ ಕೋಳಿ ಇದೆ, ಜಾಗ್ರತೆ.

ಅದೂ ಒಂದು ಸಾಲು. ಮುನ್ನೂರ ಆರನೆಯದು.

"ಮಿಸ್ರಿಯಾ, ಇದು ಯಾವ ಭಾಷೆ?" ಮೊನ್ನೆ ನಿಹಾಲ್ ಕೇಳಿದಳು.
ಪಕ್ಕದಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದೆ:
ಮುಟ್ಟಬೇಡಿ. ಇದು ಯಾಕೆ ಓಡುತ್ತದೆಂದು ನನಗೂ ಗೊತ್ತಿಲ್ಲ.
ಹೇಳಿದೆ. ನಗುತ್ತಾಳೆಂದುಕೊಂಡೆ.
"ಎರಡು ವಾರ ನಾವು ನಾಲ್ವರೂ ಮುಟ್ಟಲಿಲ್ಲ," ಎಂದಳು,
"ದುಆ ಇರಬಹುದು ಅಂದುಕೊಂಡಿದ್ದೆವು."

ಸಿಟಿಓ ಆದ ದಿನ ಗುಲ್ ಕೇಳಿದ್ದ,
ಸೀಟಿ ಊದುವ ಕೆಲಸವಾ?
ನನಗೆ ನೆನಪಾದದ್ದು ಉಳ್ಳಾಲ ಬಸ್ಸಿನ ಕಂಡಕ್ಟರ್,
ಜನ್ಮದಲ್ಲಿ ಸ್ಟಿಯರಿಂಗ್ ಮುಟ್ಟದವನು,
ಫುಟ್‌ಬೋರ್ಡಿನಲ್ಲಿ ಒಂದೇ ಕಾಲೂರಿ
ಮೀನುಬುಟ್ಟಿಯ ಕೊನೆಯ ಹೆಂಗಸು ಹತ್ತುವ ತನಕ
ಸೀಟಿಯನ್ನು ಹಲ್ಲಲ್ಲೇ ಕಚ್ಚಿಕೊಂಡಿದ್ದವನು.
ಈಗ ನನ್ನ ದಿನವೂ ಅದೇ.
ಹೂಡಿಕೆದಾರರಿಗೆ ಏರುಗೆರೆಯ ಚಿತ್ರ,
ಸಂತಬೀರನ ವೀಸಾ, ಇಬ್ಬರ ಜಗಳ,
ಇಬ್ಬರದೂ ಸರಿ ಎಂದು ಇಬ್ಬರಿಗೂ ಬೇರೆ ಬೇರೆ ಹೇಳುವುದು,
ಸರ್ವರಿನ ಬಿಲ್ಲಿನಲ್ಲಿ ಎಲ್ಲೋ ಸೋರುವ ದಿರ್ಹಮು.
ರಾತ್ರಿ ಏನಾದರೂ ಬಿದ್ದರೆ ಎಬ್ಬಿಸುವವರ ಪಟ್ಟಿಯಿಂದ
ನನ್ನ ಹೆಸರು ನಾನೇ ತೆಗೆಸಿ ಹನ್ನೊಂದು ತಿಂಗಳು.
ಈಗಲೂ ಎರಡಕ್ಕೆ ಎಚ್ಚರವಾಗುತ್ತದೆ.
ಫೋನು ಕಪ್ಪಗೆ ಮಲಗಿರುತ್ತದೆ.
ಎಲ್ಲ ನೆಟ್ಟಗಿದೆ ಎಂದರ್ಥ.
ಮಗ್ಗುಲು ಬದಲಿಸುತ್ತೇನೆ, ನಿದ್ದೆಗೆ ಅದು ಅರ್ಥವಾಗುವುದಿಲ್ಲ.

ಇವತ್ತು ಊಟ ಬಿಟ್ಟು ಹುಡುಕಿದೆ,
ಒಂದಾದರೂ ಬಾಗಿಲು ಅವಳಿಗೆ ತಪ್ಪಿರಲಿ ಎಂದು.
ನಾಚಿಕೆಯಾಗಬೇಕು. ಆಯಿತು ಕೂಡ. ಆದರೂ ಹುಡುಕಿದೆ.
ತಪ್ಪಿಲ್ಲ.
ನನ್ನ ನಾನೂರ ಹನ್ನೆರಡರ ಜಾಗದಲ್ಲಿ ಅವಳದು ಅರವತ್ತು.
ಉಮ್ ಸುಲ್ತಾನಳ ಮನೆಯೂ ಸಿಗುತ್ತದೆ, ಗೋಡೆ, ಪೈಪು ಸಮೇತ.
ಟರ್ಕಿ ಕೋಳಿ ಮಾತ್ರ ಇಲ್ಲ.
ಅದು ಸತ್ತು ಎರಡು ವರ್ಷವಾಯಿತು ಎಂದು
ಗುಲ್ ಹೇಳಿದ್ದ, ನಾನು ಸಾಲು ತೆಗೆದಿರಲಿಲ್ಲ.

ಅರವತ್ತರಲ್ಲಿ ಒಂದರ ಪಕ್ಕ ಅವಳದೊಂದು ಟಿಪ್ಪಣಿ, ಅರಬಿಯಲ್ಲಿ.
ಮದರಸದ ಬೆಂಚಿನಲ್ಲಿ ಬೆತ್ತಕ್ಕೆ ಹೆದರಿ ಕಲಿತ ಅಕ್ಷರ,
ಬಲದಿಂದ ಎಡಕ್ಕೆ ತುಟಿಯಾಡಿಸಿ ಓದಬಲ್ಲೆ,
ಸ್ವರಚಿಹ್ನೆಯಿಲ್ಲದೆ ತಡವರಿಸಿ.
ಅರ್ಥ ಮಾತ್ರ ಅಂದೂ ಹೇಳಿಕೊಟ್ಟಿರಲಿಲ್ಲ.
"ಮಾ" ಎಂದಿದೆ. ನೀರಿರಬಹುದು. ಇಲ್ಲ ಎಂದಿರಬಹುದು.
ತಮಾಷೆಯೋ, ಎಚ್ಚರಿಕೆಯೋ.

ಕೇಳಲಿಲ್ಲ. ಮುಟ್ಟಲಿಲ್ಲ.
ಒಪ್ಪಿದೆ ಎಂದು ಒತ್ತಿ
ಮುಖ ತೊಳೆಯಲು ಎದ್ದುಹೋದೆ.
ಜುಲೈ ತಿಂಗಳು.
ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರೇ.